ಮನೆಯಲ್ಲೇ ಡ್ರೀಮ್ ಕ್ಯಾಚರ್: ಯಾವ ರಿಂಗ್, ಯಾವ ದಾರ, ಯಾವ ಕುಚ್ಚು?

ಹಂಪಿ, ಆನೆಗೊಂದಿ, ಸಾಣಾಪುರದ ಕಡೆ ಹೋಗಿಬಂದವರು ಅಲ್ಲಿನ ಅಂಗಡಿಗಳ ಮುಂದೆ ತೂಗುವ ಡ್ರೀಮ್ ಕ್ಯಾಚರ್‌ಗಳನ್ನು (ರಿಂಗ್‌ನೊಳಗೆ ದಾರದ ಬಲೆ ಹೆಣೆದು, ಕೆಳಗೆ ಗರಿ ಇಲ್ಲವೇ ಕುಚ್ಚು ಇಳಿಬಿಟ್ಟ ಅಲಂಕಾರ) ನೋಡಿ, ಇಂಥದ್ದೊಂದನ್ನು ಮನೆಯಲ್ಲೇ ಏಕೆ ಕಟ್ಟಬಾರದು ಎಂದುಕೊಳ್ಳುವುದು ಸಹಜ. ಗೊಂದಲ ಶುರುವಾಗುವುದು ಸಾಮಾನು ಹೊಂದಿಸುವಾಗ. ಎಲ್ಲವೂ ಒಂದೇ ಪೊಟ್ಟಣದಲ್ಲಿ ಬರುವ ಕಿಟ್ ತರಿಸುವುದೋ, ಪೇಟೆಯಲ್ಲಿ ಕಬ್ಬಿಣದ ರಿಂಗ್ ಮತ್ತು ಹತ್ತಿ ದಾರ ಕೊಳ್ಳುವುದೋ, ಮೇದಾರರ ಹತ್ತಿರ ಬಿದಿರಿನ ಸೀಳು ಪಡೆದು ಬಾಳೆನಾರು ಸುತ್ತುವುದೋ, ಬಳ್ಳಾರಿಯ ಜೀನ್ಸ್ ಹೊಲಿಗೆಯಲ್ಲಿ ಉಳಿದ ತುಂಡುಬಟ್ಟೆಯಲ್ಲೇ ಮುಗಿಸುವುದೋ ಎಂದು ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ನಾಲ್ಕು ದಾರಿಗಳಲ್ಲಿಯೂ ಕಟ್ಟಬಹುದು, ಆದರೆ ನಾಲ್ಕೂ ಎಲ್ಲರಿಗೂ ಹೊಂದುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ದುಡ್ಡನ್ನೂ ಗಮನವನ್ನೂ ರಿಂಗ್ ಮತ್ತು ದಾರಕ್ಕೆ ಮೀಸಲಿಡಬೇಕು, ಕೆಳಗೆ ತೂಗುವ ಅಲಂಕಾರಕ್ಕೆ ಮನೆಯಲ್ಲಿ ಇರುವುದೇ ಸಾಕಾಗುತ್ತದೆ.

ಹೀಗೆ ಹೇಳಲು ಈ ವಸ್ತುವಿನ ಮೂಲವೇ ಕಾರಣ. ಡ್ರೀಮ್ ಕ್ಯಾಚರ್ ಉತ್ತರ ಅಮೆರಿಕದ ಮಹಾ ಸರೋವರಗಳ ಸುತ್ತ ನೆಲೆಸಿರುವ ಒಜಿಬ್ವೆ ಜನರ ಕೈಕೆಲಸ. ಮಕ್ಕಳನ್ನು ಕಾಯುವ ಜೇಡತಾಯಿಯ ನಂಬಿಕೆ ಅವರಲ್ಲಿದೆ. ಜೇಡರ ಬಲೆ ಹುಳುವನ್ನು ಹಿಡಿಯುವಂತೆ ಈ ಬಲೆ ಕೆಟ್ಟದ್ದನ್ನು ಹಿಡಿದಿಡಲಿ ಎಂದು ಅವರು ಕೂಸಿನ ತೊಟ್ಟಿಲ ಹಲಗೆಯ ಮೇಲೆ ಇದನ್ನು ಕಟ್ಟುತ್ತಿದ್ದರು. ಆ ಜನರ ಬದುಕನ್ನು ದಾಖಲಿಸಿದ ಫ್ರಾನ್ಸಿಸ್ ಡೆನ್ಸ್‌ಮೋರ್ 1929ರಲ್ಲಿ ಪ್ರಕಟಿಸಿದ ವಿವರದಲ್ಲಿ ಕಟ್ಟಿಗೆಯ ಆ ರಿಂಗ್‌ನ ಅಗಲ ಮೂರೂವರೆ ಇಂಚು, ಅಂದರೆ ಸುಮಾರು 9 ಸೆಂ.ಮೀ. ಮಾತ್ರ. ಬಲೆಗೆ ಸಾಮಾನ್ಯವಾಗಿ ಕೆಂಪು ಬಣ್ಣದ ಸಣ್ಣ ನೂಲು ಬಳಸುತ್ತಿದ್ದರು. ಅದಕ್ಕೂ ಹಿಂದೆ ಗಿಡದ ನಾರನ್ನೇ ಬಳಸುತ್ತಿದ್ದರು. ಇದು ಬೇರೆ ಮೂಲನಿವಾಸಿ ಸಮುದಾಯಗಳಿಗೂ, ಅನಂತರ ಜಗತ್ತಿನ ಮಾರುಕಟ್ಟೆಗಳಿಗೂ ಹರಡಿದ್ದು ಬಹುಮಟ್ಟಿಗೆ 1960 ಮತ್ತು 70ರ ದಶಕಗಳ ನಂತರ. ಅಂಗೈಯಗಲದ ರಿಂಗ್, ಊರಿನ ಸುತ್ತ ಸಿಗುವ ರೆಂಬೆ, ಕೈಗೆ ಸಿಕ್ಕ ನೂಲು ಇವಿಷ್ಟೇ ಮೂಲದಲ್ಲಿ ಇದ್ದದ್ದು. ಗೋಡೆ ತುಂಬುವ ಗಾತ್ರ, ಬಣ್ಣದ ಗರಿಗಳ ರಾಶಿ ಎಲ್ಲವೂ ಪೇಟೆ ಸೇರಿಸಿದ್ದು. ಆದ್ದರಿಂದ ಚಿಕ್ಕದಾಗಿ, ಸರಳವಾಗಿ, ನಮ್ಮ ನೆಲದ ನಾರಿನಲ್ಲಿ ಕಟ್ಟುವವರು ಮೂಲದಿಂದ ದೂರ ಹೋಗುತ್ತಿಲ್ಲ, ಹತ್ತಿರವೇ ಬರುತ್ತಿದ್ದಾರೆ.

ಸಾಮಾನು ಕೊಳ್ಳುವ ಮೊದಲು

ಎಲ್ಲಿ ತೂಗಲಿದೆ ಎಂಬುದು ಮೊದಲ ಪ್ರಶ್ನೆ. ನಮ್ಮ ಮೂರು ಜಿಲ್ಲೆಗಳಲ್ಲಿ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಾಳಿಯಲ್ಲಿ ತೇವವೇ ಇಲ್ಲದಾಗ ಹಸಿ ಕಟ್ಟಿಗೆ ಅವಸರದಲ್ಲಿ ಒಣಗಿ ಸೀಳುತ್ತದೆ. ನೇರ ಬಿಸಿಲು ಬೀಳುವ ಕಿಟಕಿಯಲ್ಲಿ ಕಬ್ಬಿಣದ ರಿಂಗ್ ಕಾದು, ಗ್ಲೂ ಗನ್‌ನಿಂದ ಹಚ್ಚಿದ ಅಂಟು ಮೆತ್ತಗಾಗಿ ಸುತ್ತಿದ ದಾರ ಸಡಿಲಗೊಳ್ಳುತ್ತದೆ. ಆಷಾಢದ ಗಾಳಿಗೆ ಹಗುರವಾದ ರಿಂಗ್ ಗಿರಗಿರನೆ ತಿರುಗಿ ಕೆಳಗಿನ ಎಳೆಗಳೆಲ್ಲ ಒಂದಕ್ಕೊಂದು ಸಿಕ್ಕುಬೀಳುತ್ತವೆ. ಎರೆಹೊಲದ ಧೂಳು ಅಥವಾ ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು ಗರಿಯ ಮೇಲೆ ಒಮ್ಮೆ ಕೂತರೆ ಒರೆಸಿದರೂ ಹೋಗುವುದಿಲ್ಲ. ಒಳಕೋಣೆಯಲ್ಲಿ ಮಂಚದ ಮೇಲೆ ತೂಗುವುದಾದರೆ ಇಷ್ಟೆಲ್ಲ ಯೋಚಿಸಬೇಕಾಗಿಲ್ಲ. ಕಿಟಕಿ, ಪಡಸಾಲೆ ಅಥವಾ ಅಂಗಳಕ್ಕಾದರೆ ತೊಳೆಯಲು ಬರುವ ಮತ್ತು ತೂಕವಿರುವ ಸಾಮಾನನ್ನೇ ಆರಿಸಬೇಕು.

ಕಟ್ಟುವ ಕೈ ಯಾರದು ಎಂಬುದು ಎರಡನೆಯದು. ಎಂಟು ಹತ್ತು ವರ್ಷದ ಮಗು ಮೊದಲ ಸಲ ಕಟ್ಟುವುದಕ್ಕೂ, ಸೀರೆಗೆ ಕುಚ್ಚು ಕಟ್ಟಿ ಅಭ್ಯಾಸವಿರುವ ಹೆಣ್ಣುಮಗಳು ಕಟ್ಟುವುದಕ್ಕೂ ಬಹಳ ವ್ಯತ್ಯಾಸವಿದೆ. ಮೂರನೆಯದು ಬಾಳಿಕೆ: ಒಂದು ವರ್ಷ ಇದ್ದರೆ ಸಾಕೋ, ಹತ್ತಾರು ವರ್ಷ ಇರಬೇಕೋ? ಕಾಣಿಕೆ ಕೊಡಲು ಕಟ್ಟುವವರು ಈ ಪ್ರಶ್ನೆಯನ್ನು ಮರೆತು ನೋಟಕ್ಕಷ್ಟೇ ಗಮನ ಕೊಡುತ್ತಾರೆ. ಖರ್ಚನ್ನು ನಾನು ಕೊನೆಗಿಟ್ಟಿದ್ದೇನೆ. ಇದರಲ್ಲಿ ದುಬಾರಿ ದಾರಿಗೂ ಅಗ್ಗದ ದಾರಿಗೂ ಇರುವ ಅಂತರ ಬಹುಪಾಲು ಅಲಂಕಾರದ್ದು, ಬಲೆಯದ್ದಲ್ಲ.

ಗಾತ್ರವನ್ನು ಈಗಲೇ ಗೊತ್ತುಮಾಡಿಕೊಂಡರೆ ಮುಂದಿನ ಲೆಕ್ಕ ಸುಲಭ. ಅಡ್ಡಳತೆ 15 ಸೆಂ.ಮೀ. ಇರುವ ರಿಂಗ್‌ನ ಸುತ್ತಳತೆ ಸುಮಾರು 47 ಸೆಂ.ಮೀ. ಎಂಟು ಗಂಟುಗಳ ಬಲೆಯನ್ನು ಹತ್ತು ಸುತ್ತು ಹೆಣೆಯಲು ಮೂರರಿಂದ ಮೂರೂವರೆ ಮೀಟರ್ ದಾರ ಬೇಕು. 9 ಸೆಂ.ಮೀ. ರಿಂಗ್‌ಗೆ ಎರಡು ಮೀಟರ್ ಸಾಕು, 30 ಸೆಂ.ಮೀ. ರಿಂಗ್‌ಗೆ ಆರೇಳು ಮೀಟರ್ ಬೇಕು. ಮೊದಲ ಸಲ ಕಟ್ಟುವವರಿಗೆ 15 ಸೆಂ.ಮೀ. ಗಾತ್ರವನ್ನೇ ನಾನು ಹೇಳುತ್ತೇನೆ. ಅದಕ್ಕಿಂತ ಚಿಕ್ಕದರಲ್ಲಿ ನಡುವಿನ ಸುತ್ತುಗಳಿಗೆ ಬೆರಳು ಹೋಗುವುದಿಲ್ಲ, ದೊಡ್ಡದರಲ್ಲಿ ಉದ್ದದ ದಾರ ಪ್ರತಿ ಗಂಟಿಗೂ ಸಿಕ್ಕಾಗುತ್ತದೆ.

ಕಿಟ್

ಆನ್‌ಲೈನ್‌ನಲ್ಲಿ ತರಿಸುವ ಕಿಟ್‌ನ ದೊಡ್ಡ ಅನುಕೂಲವೆಂದರೆ ಅಂಗಡಿ ಅಲೆಯುವ ಕೆಲಸ ತಪ್ಪುತ್ತದೆ. ರಿಂಗ್, ದಾರ, ಮಣಿ, ಗರಿ ಎಲ್ಲವೂ ಅಳತೆಗೆ ತಕ್ಕಂತೆ ಇರುತ್ತವೆ. ರಜೆಯ ಒಂದು ಮಧ್ಯಾಹ್ನದಲ್ಲಿ ಮಗು ಕಟ್ಟಿ ಮುಗಿಸಬಹುದು. ಹುಟ್ಟುಹಬ್ಬದ ಉಡುಗೊರೆಯಾಗಿ ಕೊಡಲು ಇದಕ್ಕಿಂತ ಸುಲಭವಾದದ್ದಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಚಿತ್ರವನ್ನಲ್ಲ, ವಿವರವನ್ನು. ರಿಂಗ್ ಯಾವ ವಸ್ತುವಿನದು, ಎಷ್ಟು ದಪ್ಪ, ದಾರ ಎಷ್ಟು ಮೀಟರ್ ಎಂಬ ಮೂರು ಮಾಹಿತಿಗಳು ಇಲ್ಲದ ಕಿಟ್ ಬೇಡ. ಎರಡು ಮಿಲಿಮೀಟರಿಗಿಂತ ತೆಳುವಾದ ತಂತಿಯ ರಿಂಗ್ ಆದರೆ ಬಲೆ ಬಿಗಿಯಾಗುತ್ತಿದ್ದಂತೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಇಲ್ಲವೇ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತದೆ. ಮೇಲಿನ ಲೆಕ್ಕದಂತೆ ದಾರ ಸಾಲದೆ ಹೋದರೆ ನಡುವೆ ಗಂಟು ಹಾಕಿ ಸೇರಿಸಬೇಕಾಗುತ್ತದೆ, ಆ ಗಂಟು ಕಣ್ಣಿಗೆ ಬೀಳುತ್ತದೆ. ಗರಿಗಳಿಗೆ ಹಾಕಿದ ಗಾಢ ಬಣ್ಣ ಒದ್ದೆಯಾದರೆ ಬಿಡುವ ಸಂಭವವೂ ಉಂಟು. ಮುಖ್ಯವಾದ ಕೊರತೆ ಬೇರೆಯದು: ಕಿಟ್‌ನಲ್ಲಿ ಎರಡನೆಯದನ್ನು ಕಟ್ಟಲು ಏನೂ ಉಳಿಯುವುದಿಲ್ಲ. ಈ ಕೆಲಸ ಕೈಗೆ ಹತ್ತುವುದು ಎರಡನೆಯದರಲ್ಲಿ, ಮೂರನೆಯದರಲ್ಲಿ. ಒಮ್ಮೆ ಮಾತ್ರ ಕಟ್ಟಬೇಕೆನ್ನುವವರಿಗೆ ಕಿಟ್ ಸರಿ. ಕಲಿಯಬೇಕೆನ್ನುವವರಿಗೆ ಅದೇ ಹಣದಲ್ಲಿ ಪೇಟೆಯ ಸಾಮಾನು ಹೆಚ್ಚು ದಿನ ಬರುತ್ತದೆ.

ಕಬ್ಬಿಣದ ರಿಂಗ್ ಮತ್ತು ಹತ್ತಿ ದಾರ

ಬಳ್ಳಾರಿಯ ಬೆಂಗಳೂರು ರಸ್ತೆ, ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಪೇಟೆ, ಕೊಪ್ಪಳದ ಜವಾಹರ ರಸ್ತೆ, ಗಂಗಾವತಿಯ ಮಾರುಕಟ್ಟೆಯಂಥ ಕಡೆ ಫ್ಯಾನ್ಸಿ ಅಂಗಡಿ, ಹೊಲಿಗೆ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿದರೆ ಬೇಕಾದ ಬಹುಪಾಲು ಸಿಗುತ್ತದೆ. ಸಿದ್ಧ ರಿಂಗ್ ಸಿಗದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ನಾಲ್ಕು ಮಿಲಿಮೀಟರ್ ದಪ್ಪದ ಸರಳಿನಿಂದ ಬೇಕಾದ ಅಳತೆಗೆ ಬಗ್ಗಿಸಿ ಬೆಸೆದುಕೊಡಿ ಎಂದು ಕೇಳಬಹುದು. ಬೆಸುಗೆಯ ಉಬ್ಬನ್ನು ಅರದಿಂದ ಉಜ್ಜಿ ನುಣುಪು ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ದಾರ ಅಲ್ಲಿಯೇ ಸವೆದು ಹರಿಯುತ್ತದೆ. ಕಟ್ಟಡ ಕೆಲಸಕ್ಕೆ ಬಳಸುವ ಬೈಂಡಿಂಗ್ ವೈರ್ ಸುಲಭವಾಗಿ ಬಗ್ಗುತ್ತದೆಂದು ಕೆಲವರು ಅದನ್ನೇ ಸುತ್ತಿಕೊಳ್ಳುತ್ತಾರೆ. ಸುಲಭವಾಗಿ ಬಗ್ಗುವುದೇ ಅದರ ದೋಷ. ಬಲೆಯ ಎಳೆತವನ್ನು ಅದು ತಾಳುವುದಿಲ್ಲ.

ಕಬ್ಬಿಣಕ್ಕೆ ಬದಲಾಗಿ ಕಸೂತಿ ಹಾಕುವಾಗ ಬಟ್ಟೆ ಬಿಗಿಯುವ ಎಂಬ್ರಾಯ್ಡರಿ ರಿಂಗನ್ನೂ ಬಳಸಬಹುದು. ಅದರ ಒಳರಿಂಗ್ ಮುಚ್ಚಿದ ವೃತ್ತವಾಗಿದ್ದು ನುಣುಪಾಗಿರುತ್ತದೆ, ದಾರ ಸುತ್ತದೆಯೂ ಚೆಂದ ಕಾಣುತ್ತದೆ. ಹೊರರಿಂಗ್‌ನ ತಿರುಪನ್ನು ಮೇಲಕ್ಕಿಟ್ಟು ತೂಗುಹಾಕುವ ಕೊಕ್ಕೆಯಂತೆ ಬಳಸಿದರೆ ಒಂದು ಜೋಡಿಯಿಂದ ಎರಡು ಡ್ರೀಮ್ ಕ್ಯಾಚರ್ ಆಗುತ್ತವೆ. ಆದರೆ ಅದರ ಪಟ್ಟಿ ಅಗಲವಾಗಿರುವುದರಿಂದ ಗಂಟುಗಳು ಜಾರುವ ಸಾಧ್ಯತೆ ಹೆಚ್ಚು. ಗಂಟು ಬರುವ ಜಾಗದಲ್ಲಿ ಚಿಕ್ಕ ಗೀರು ಮಾಡಿಕೊಂಡರೆ ಆ ತೊಂದರೆ ನೀಗುತ್ತದೆ.

ದಾರದ ಆಯ್ಕೆಗೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಬಲೆ ಚೆಂದ ಬರುವುದೂ ಕೆಡುವುದೂ ಇಲ್ಲಿಯೇ. ಕ್ರೋಶಾ ಹಾಕುವ ಹತ್ತಿ ದಾರ ಹೊಸಬರಿಗೆ ಎಲ್ಲಕ್ಕಿಂತ ಒಳ್ಳೆಯದು. ಅದರ ಮೈ ತುಸು ಒರಟಾಗಿರುವುದರಿಂದ ಹಾಕಿದ ಗಂಟು ಹಾಕಿದಲ್ಲಿಯೇ ನಿಲ್ಲುತ್ತದೆ, ತಪ್ಪಿದರೆ ಬಿಚ್ಚಲೂ ಬರುತ್ತದೆ. ಧೂಳು ಕೂತಾಗ ಸಾಬೂನು ನೀರಿನಲ್ಲಿ ಅದ್ದಿ ತೆಗೆಯಬಹುದು. ನೈಲಾನ್ ದಾರ ಗಟ್ಟಿಯೇನೋ ಹೌದು, ಹೊಳೆಯುತ್ತದೆ; ಆದರೆ ಗಂಟು ಜಾರುತ್ತದೆ, ಎಳೆದಾಗ ಹಿಗ್ಗಿ ಬಿಟ್ಟಾಗ ಸಡಿಲವಾಗುತ್ತದೆ, ತುದಿಯನ್ನು ಬೆಂಕಿಗೆ ಹಿಡಿದು ಕರಗಿಸದಿದ್ದರೆ ಬಿಚ್ಚಿಕೊಳ್ಳುತ್ತದೆ. ಬಿಸಿಲಿನಲ್ಲಿ ವರ್ಷಗಟ್ಟಲೆ ತೂಗಿದರೆ ಪೆಡಸಾಗುವುದೂ ಉಂಟು. ಮೇಣ ಹಚ್ಚಿದ ದಾರ ಕೈಗೆ ಹಿಡಿತ ಕೊಡುತ್ತದೆ, ಬಲೆ ಗೆರೆ ಹೊಡೆದಂತೆ ಬರುತ್ತದೆ. ಆದರೆ ಮೇಣಕ್ಕೆ ಧೂಳು ಅಂಟುವುದರಿಂದ ಒಳಕೋಣೆಗೆ ಮಾತ್ರ ಅದು ತಕ್ಕದ್ದು. ಉಣ್ಣೆಯ ದಾರ ರಿಂಗ್‌ಗೆ ಸುತ್ತಲು ಚೆಂದ, ಬಲೆಗೆ ಬೇಡ, ಅದು ಹಿಗ್ಗುತ್ತದೆ. ಹೊಲಿಗೆ ದಾರ ಬಲೆಗೆ ತೀರ ತೆಳುವಾಯಿತು. 15 ಸೆಂ.ಮೀ. ರಿಂಗ್‌ಗೆ ಒಂದು ಮಿಲಿಮೀಟರಿನಷ್ಟು ದಪ್ಪದ ದಾರ, ಅದಕ್ಕಿಂತ ಚಿಕ್ಕದಕ್ಕೆ ಇನ್ನೂ ಸಣ್ಣ ದಾರ ಎಂದು ಇಟ್ಟುಕೊಳ್ಳಬಹುದು.

ಗಂಟುಗಳ ಸಂಖ್ಯೆಯನ್ನೂ ಇಲ್ಲಿಯೇ ನಿರ್ಧರಿಸಬೇಕು. ಎಂಟು ಗಂಟು ಹಾಕಿದರೆ 15 ಸೆಂ.ಮೀ. ರಿಂಗ್‌ನಲ್ಲಿ ಗಂಟಿನಿಂದ ಗಂಟಿಗೆ ಸುಮಾರು 6 ಸೆಂ.ಮೀ. ಅಂತರ ಬರುತ್ತದೆ. ಜೇಡಕ್ಕೆ ಎಂಟು ಕಾಲು ಇರುವುದರಿಂದ ಎಂಟನ್ನು ಆರಿಸುವವರು ಹೆಚ್ಚು. ಹದಿಮೂರು ಹಾಕಿದರೆ ಅಂತರ 3.6 ಸೆಂ.ಮೀ.ಗೆ ಇಳಿದು ಬಲೆ ಒತ್ತಾಗುತ್ತದೆ, ನೋಡಲು ಸೊಗಸು, ಆದರೆ ಮೂರನೆಯ ಸುತ್ತಿಗೇ ಹೊಸಬರ ತಾಳ್ಮೆ ಪರೀಕ್ಷೆಗೊಳಗಾಗುತ್ತದೆ. ಎಂಟರಿಂದ ಆರಂಭಿಸುವುದು ಕ್ಷೇಮ. ದಾರವನ್ನು ರಿಂಗ್‌ನ ಮುಂದಿನಿಂದ ಹಿಂದಕ್ಕೆ ತಂದು, ಉಂಟಾದ ಕುಣಿಕೆಯೊಳಗಿಂದ ಹೊರತೆಗೆದು ಬಿಗಿದರೆ ಒಂದು ಗಂಟು. ಮೊದಲ ಸುತ್ತಿನ ಕೊನೆಯ ಗಂಟನ್ನು ಮೊದಲ ಗಂಟಿಗೆ ತಾಗಿಸದೆ ಅರ್ಧ ಅಂತರದಲ್ಲಿ ನಿಲ್ಲಿಸಿ, ಎರಡನೆಯ ಸುತ್ತನ್ನು ಮೊದಲ ಎಳೆಯ ನಡುವಿನಿಂದ ಹಿಡಿಯಬೇಕು. ಅಲ್ಲಿಂದ ಮುಂದೆ ರಿಂಗನ್ನು ಮುಟ್ಟುವ ಕೆಲಸವಿಲ್ಲ. ಪ್ರತಿ ಎಳೆಯ ನಡುವನ್ನು ಹಿಡಿದು ಒಳಕ್ಕೆ ಎಳೆಯುತ್ತ ಹೋದಂತೆ ಬಲೆ ತಾನಾಗಿ ಕಿರಿದಾಗುತ್ತದೆ. ಮೊದಲ ಸುತ್ತನ್ನು ತುಸು ಸಡಿಲವಾಗಿಯೇ ಬಿಡಬೇಕು, ಮುಂದಿನ ಸುತ್ತುಗಳು ಅದನ್ನು ಎಳೆದು ಬಿಗಿ ಮಾಡುತ್ತವೆ. ಮೂರು ಮೀಟರ್ ದಾರವನ್ನು ಪ್ರತಿ ಸಲವೂ ಪೂರ್ತಿ ಎಳೆಯುವ ಬದಲು ಚಿಕ್ಕ ರಟ್ಟಿನ ತುಂಡಿಗೆ ಸುತ್ತಿಕೊಂಡರೆ ಸಿಕ್ಕು ಬೀಳುವುದಿಲ್ಲ. ನಡುಭಾಗಕ್ಕೆ ಬಂದಾಗ ಮೊಂಡ ತುದಿಯ ದೊಡ್ಡ ಸೂಜಿ ಬಳಸಬಹುದು.

ಬಾಳಿಕೆ, ತೊಳೆಯುವ ಅನುಕೂಲ, ಕಲಿಯುವ ಸುಲಭತೆ ಈ ಮೂರನ್ನೂ ಒಟ್ಟಿಗೆ ಬಯಸುವವರಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ. ಇದರ ಕೊರತೆ ಒಂದೇ. ಸುತ್ತದೆ ಬಿಟ್ಟ ಕಬ್ಬಿಣ ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಳಿ ದಾರಕ್ಕೆ ಕಲೆ ಮಾಡುತ್ತದೆ, ಹಾಗಾಗಿ ರಿಂಗ್ ಪೂರ್ತಿ ಮುಚ್ಚುವಂತೆ ಏನನ್ನಾದರೂ ಸುತ್ತಲೇಬೇಕು. ಎರಡು ಮಿಲಿಮೀಟರ್ ದಾರದಿಂದ 15 ಸೆಂ.ಮೀ. ರಿಂಗ್ ಸುತ್ತಲು ನಾಲ್ಕೂವರೆ ಮೀಟರಿನಷ್ಟು ಬೇಕಾಗುತ್ತದೆ. ಬಲೆಗಿಂತ ಸುತ್ತುವುದಕ್ಕೇ ಹೆಚ್ಚು ದಾರ ಹೋಗುತ್ತದೆಂಬುದನ್ನು ಕೊಳ್ಳುವಾಗ ನೆನಪಿಡಬೇಕು.

ಬಿದಿರು, ಹಸಿ ರೆಂಬೆ, ನಾರು

ಒಜಿಬ್ವೆ ಜನರ ಕ್ರಮಕ್ಕೆ ಹತ್ತಿರವಾದ ದಾರಿ ಇದು, ನನಗೆ ಹೆಚ್ಚು ಪ್ರಿಯವಾದದ್ದೂ ಹೌದು. ಆದರೂ ಎಲ್ಲರಿಗೂ ಇದನ್ನೇ ಹೇಳುವುದಿಲ್ಲ. ಇದಕ್ಕೆ ಹಣ ಕಡಿಮೆ, ದಿನ ಹೆಚ್ಚು.

ಬುಟ್ಟಿ, ಮೊರ, ತಟ್ಟಿ ಹೆಣೆಯುವ ಮೇದಾರರು ಸೀಳಿದ ಬಿದಿರಿನ ಕಡ್ಡಿಯನ್ನು ಕೇಳಿದರೆ ಕೊಡುತ್ತಾರೆ. ನುಣುಪಾಗಿ ಹೆರೆದು ಕೊಡುವಂತೆ ಕೇಳಿ, ಅವರ ಕೆಲಸಕ್ಕೆ ತಕ್ಕ ಬೆಲೆಯನ್ನು ಚೌಕಾಸಿ ಮಾಡದೆ ಕೊಡಬೇಕು. ಒಣಗಿದ ಸೀಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮಡಕೆ ಅಥವಾ ಡಬ್ಬಿಯ ಸುತ್ತ ನಿಧಾನವಾಗಿ ಬಗ್ಗಿಸಿ, ತುದಿಗಳು ನಾಲ್ಕೈದು ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಕಟ್ಟಿ ನೆರಳಿನಲ್ಲಿ ಒಣಗಲು ಬಿಡಬೇಕು. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆಂಬ ಆಸೆ ಬೇಡ, ಬೇಸಿಗೆಯ ಬಿಸಿಲು ಸೀಳನ್ನು ಒಡೆಯುತ್ತದೆ. ಒಂದು ರಾತ್ರಿಯ ಬದಲು ವಾರಗಟ್ಟಲೆ ನೆನೆಸಿದರೆ ಇನ್ನೊಂದು ಲಾಭವೂ ಇದೆ: ಬಿದಿರಿನೊಳಗಿನ ಪಿಷ್ಟ ನೀರಿಗಿಳಿದು ಅದನ್ನು ಕೊರೆಯುವ ಹುಳುವಿನ ಕಾಟ ಕಡಿಮೆಯಾಗುತ್ತದೆ.

ಬಿದಿರಿಲ್ಲದಿದ್ದರೆ ಹಳ್ಳದ ದಂಡೆಯಲ್ಲಿ ಬೆಳೆಯುವ ಲಕ್ಕಿ ಗಿಡದ ಎಳೆಯ ರೆಂಬೆ ಬಹಳ ಚೆನ್ನಾಗಿ ಬಗ್ಗುತ್ತದೆ. ಹುಣಸೆಯ ಎಳೆಯ ರೆಂಬೆಯನ್ನೂ ಬಳಸಬಹುದು. ತೊಗರಿ ಕಟ್ಟಿಗೆ ಹಸಿಯಿದ್ದಾಗ ಮಾತ್ರ ಬಗ್ಗುತ್ತದೆ, ಒಣಗಿದ ಮೇಲೆ ಮುರಿಯುತ್ತದೆ. ಹತ್ತಿ ಕಟ್ಟಿಗೆ ಇದಕ್ಕೆ ಒಗ್ಗುವುದೇ ಇಲ್ಲ. ಯಾವ ರೆಂಬೆಯಾದರೂ ಕಿರುಬೆರಳಿಗಿಂತ ತೆಳುವಾಗಿರಬೇಕು, ಕತ್ತರಿಸಿದ ದಿನವೇ ಬಗ್ಗಿಸಬೇಕು, ಪೂರ್ತಿ ಒಣಗುವವರೆಗೆ ಬಲೆ ಕಟ್ಟಬಾರದು. ಒಣಗುವಾಗ ರೆಂಬೆ ಕುಗ್ಗಿ ಆಕಾರ ಬದಲಿಸುತ್ತದೆ, ಬಲೆ ಮೊದಲೇ ಕಟ್ಟಿದ್ದರೆ ಜೋಲುಬೀಳುತ್ತದೆ. ರೆಂಬೆಯ ರಿಂಗ್ ಕಂಪಾಸು ಹಿಡಿದು ಬರೆದಂತೆ ದುಂಡಗೆ ಬರುವುದಿಲ್ಲ. ಅಚ್ಚುಕಟ್ಟು ವೃತ್ತವೇ ಬೇಕೆನ್ನುವವರು ಕಬ್ಬಿಣದ ಕಡೆಗೇ ಹೋಗುವುದು ಒಳಿತು.

ನಾರಿನ ವಿಷಯದಲ್ಲಿ ಕೊಪ್ಪಳ ಜಿಲ್ಲೆಯವರಿಗೆ ದೊಡ್ಡ ಅನುಕೂಲವಿದೆ. ತುಂಗಭದ್ರೆಯ ದಂಡೆಯ ಬಾಳೆ ತೋಟಗಳು, ಆ ಬಾಳೆಯ ನಾರಿನಿಂದ ಚೀಲ, ಬುಟ್ಟಿ, ಚಾಪೆ ಮಾಡುವ ಆನೆಗೊಂದಿಯ ಹೆಣ್ಣುಮಕ್ಕಳು ಎರಡೂ ಅಲ್ಲಿಯೇ ಇದ್ದಾರೆ. ಅಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ಈ ಕೆಲಸವನ್ನು ಗುಡಿ ಕೈಗಾರಿಕೆಯಾಗಿ ಬೆಳೆಸಿತು. ಹೊಸೆದ ಬಾಳೆನಾರಿನ ಹುರಿ ರಿಂಗ್‌ಗೆ ಸುತ್ತಿದರೆ ಅದರ ಹೊಂಬಣ್ಣಕ್ಕೆ ಬೇರೆ ಬಣ್ಣದ ಅಗತ್ಯವೇ ಇರುವುದಿಲ್ಲ. ಆದರೆ ಬಲೆಗೆ ಇದನ್ನೇ ಬಳಸುವ ಆಸೆಯನ್ನು ಬಿಡಬೇಕು. ಒಣಗಿದ ಬಾಳೆನಾರು ಚೂಪಾಗಿ ತಿರುಗಿಸಿದಲ್ಲಿ ಮುರಿಯುತ್ತದೆ. ಬಲೆಯೆಂದರೆ ಅಡಿಗಡಿಗೆ ಚೂಪು ತಿರುವು. ಸುತ್ತುವಾಗಲೂ ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಸುತ್ತಿಟ್ಟು ಮೆತ್ತಗೆ ಮಾಡಿಕೊಳ್ಳಬೇಕು. ಹಳ್ಳಿಗಳಲ್ಲಿ ಪುಂಡಿ ನಾರು ಸಿಗುವವರು ಅದರ ಸಣ್ಣ ಹುರಿಯನ್ನು ಹೊಸೆದು ಸುತ್ತಲೂ ತೂಗುಹಾಕಲೂ ಬಳಸಬಹುದು, ಅದು ಬಾಳೆನಾರಿಗಿಂತ ಗಟ್ಟಿ, ನೋಟಕ್ಕೆ ಒರಟು. ನನ್ನ ಆಯ್ಕೆ ಬಿದಿರಿನ ಅಥವಾ ಲಕ್ಕಿಯ ರಿಂಗ್, ಸುತ್ತಲು ಬಾಳೆನಾರು, ಬಲೆಗೆ ಬಿಳಿ ಇಲ್ಲವೇ ಕೆಂಪು ಹತ್ತಿ ದಾರ. ಇದನ್ನು ಒಳಗೆ ತೂಗಬೇಕು, ನೀರಿನಲ್ಲಿ ಅದ್ದಬಾರದು, ಮೆತ್ತನೆಯ ಕುಂಚದಿಂದ ಧೂಳು ತೆಗೆಯಬೇಕು.

ಜೀನ್ಸ್ ತುಂಡುಗಳು

ಬಳ್ಳಾರಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಗೆಯ ನಂಟಿದೆ ಎನ್ನುವಷ್ಟು ಆ ಉದ್ಯಮ ಬೆಳೆದಿದೆ. ಕತ್ತರಿಸಿ ಉಳಿದ ಡೆನಿಮ್ ಪಟ್ಟಿಗಳು, ದಪ್ಪ ಹೊಲಿಗೆ ದಾರ, ಕೆಟ್ಟ ಗುಂಡಿಗಳು, ಹಳೆಯ ಪ್ಯಾಂಟಿನ ಅಂಚು ಇವೆಲ್ಲ ಖರ್ಚಿಲ್ಲದೆ ಸಿಗುವ ಸಾಮಾನು. ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಅರ್ಧರ್ಧ ಮೇಲೆ ಬರುವಂತೆ ಸುತ್ತಿದರೆ 15 ಸೆಂ.ಮೀ. ರಿಂಗ್‌ಗೆ ಒಂದೂವರೆಯಿಂದ ಎರಡು ಮೀಟರ್ ಸಾಕು, ದಾರ ಸುತ್ತುವ ಕೆಲಸದ ಅರ್ಧವೂ ಆಗುವುದಿಲ್ಲ. ದಪ್ಪ ಬಟ್ಟೆ ಗಂಟುಗಳನ್ನು ಜಾರಲು ಬಿಡುವುದಿಲ್ಲವಾದ್ದರಿಂದ ಮಕ್ಕಳಿಗೆ ಬಲೆ ಕಟ್ಟುವುದೂ ಸುಲಭ. ರಿಂಗ್ ಬೇಕೆಂದರೆ ಮನೆಯಲ್ಲಿರುವ ದಪ್ಪ ಲೋಹದ ಹಳೆಯ ಬಳೆಯೇ ಆಗಬಹುದು, ಅದರ ಅಳತೆ ಒಜಿಬ್ವೆ ಜನರ ಚಿಕ್ಕ ರಿಂಗ್‌ಗಿಂತ ತುಸು ಕಡಿಮೆ ಅಷ್ಟೆ. ಗಾಜಿನ ಬಳೆ ಮಾತ್ರ ಬೇಡ, ದಾರ ಬಿಗಿದಾಗ ಒಡೆದು ಕೈ ಕೊಯ್ಯುತ್ತದೆ.

ಪಟ್ಟಿಯ ಅಂಚಿನ ನೂಲು ಬಿಚ್ಚಿಕೊಳ್ಳುತ್ತದೆ ಎಂಬುದು ಇಲ್ಲಿ ದೋಷವೆಂದು ಎಣಿಸಬೇಕಾಗಿಲ್ಲ, ಅದೇ ಇದರ ಚೆಲುವು. ನೀಲಿ ಬಟ್ಟೆಯ ಅಂಚಿನಲ್ಲಿ ಇಣುಕುವ ಬಿಳಿ ಎಳೆಗಳು ಬೇರೆ ಯಾವ ಸಾಮಾನಿನಲ್ಲೂ ಬರದ ಒಂದು ಮೆರುಗನ್ನು ಕೊಡುತ್ತವೆ. ಹೊಸ ಡೆನಿಮ್‌ನ ನೀಲಿ ಮೊದಲ ಒಗೆತದಲ್ಲಿ ಬಿಳಿ ದಾರಕ್ಕೆ ಹತ್ತುತ್ತದೆ, ಆದ್ದರಿಂದ ಪಟ್ಟಿಗಳನ್ನು ಮೊದಲೇ ನೀರಿನಲ್ಲಿ ಒಗೆದು, ನೀರು ತಿಳಿಯಾಗಿ ಬರುವವರೆಗೆ ಹಿಂಡಿ ಒಣಗಿಸಿ ಬಳಸಬೇಕು. ಕಿಟಕಿಗೆ, ಪಡಸಾಲೆಗೆ, ಧೂಳಿನ ಊರಿಗೆ ಇದಕ್ಕಿಂತ ಹೊಂದುವ ಇನ್ನೊಂದು ದಾರಿ ನನಗೆ ಕಾಣುವುದಿಲ್ಲ. ಕೊಳೆಯಾದರೆ ಇಡಿಯಾಗಿ ಒಗೆದು ಹಾಕಬಹುದು. ಆದರೆ ಇದು ದಪ್ಪವಾಗಿ, ಭಾರವಾಗಿ ಕಾಣುತ್ತದೆ. ನವಿರಾದ, ಹಗುರವಾದ ನೋಟ ಬಯಸುವವರಿಗೆ ಹಿಡಿಸಲಾರದು.

ಕೆಳಗೆ ತೂಗುವುದು ಏನು

ಗರಿಯಿಲ್ಲದೆ ಡ್ರೀಮ್ ಕ್ಯಾಚರ್ ಆಗುವುದಿಲ್ಲವೆಂದು ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಗರಿಯೇ ಬೇಕಾದರೆ ಜವಾರಿ ಕೋಳಿಯ ಉದುರಿದ ಗರಿಗಳನ್ನು ಸಾಬೂನು ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ ಬಳಸುವುದು ಉತ್ತಮ. ನವಿಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪಕ್ಷಿ. ತಾನಾಗಿ ಉದುರಿದ ಬಾಲದ ಗರಿಗೆ ದೇಶದೊಳಗೆ ವಿನಾಯಿತಿ ಇದೆಯಾದರೂ ಹೊರದೇಶಕ್ಕೆ ಕಳಿಸುವಂತಿಲ್ಲ. ಅಂಗಡಿಯ ಗರಿ ಉದುರಿದ್ದೋ ಕಿತ್ತದ್ದೋ ಎಂದು ಕೊಳ್ಳುವವರಿಗೆ ತಿಳಿಯುವುದೂ ಇಲ್ಲ. ಗೂಬೆ, ಹದ್ದು ಮುಂತಾದ ಕಾಡುಹಕ್ಕಿಗಳ ಗರಿಯನ್ನು ಎತ್ತಿಕೊಂಡು ಬರುವುದೇ ಬೇಡ. ಸಿರುಗುಪ್ಪದ ಎರೆಹೊಲಗಳಲ್ಲಿ ಅಳಿವಿನಂಚಿಗೆ ಬಂದಿರುವ ಎರೆಭೂತ ಹಕ್ಕಿಯಿರುವ ನಾಡು ನಮ್ಮದು, ಗರಿಗೆ ಬೇಡಿಕೆ ಹುಟ್ಟಿಸುವ ಹವ್ಯಾಸ ನಮಗೆ ತರವಲ್ಲ.

ನಾನು ಗರಿಗಿಂತ ಕುಚ್ಚನ್ನು ಮೆಚ್ಚುತ್ತೇನೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟಬಲ್ಲವರು ನಮ್ಮಲ್ಲಿ ಓಣಿಗೊಬ್ಬರಿದ್ದಾರೆ. ಉಳಿದ ರೇಷ್ಮೆ ಎಳೆ, ಮಣಿಗಳಿಂದ ಅವರು ಕಟ್ಟಿಕೊಡುವ ಕುಚ್ಚು ಗರಿಗಿಂತ ಹೆಚ್ಚು ಕಾಲ ಬಾಳುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಆ ಕಸೂತಿಯ ಚಿಕ್ಕ ತುಂಡು, ಕನ್ನಡಿ, ಕವಡೆಗಳನ್ನು ಕೊಂಡು ಪೋಣಿಸಿದರೆ ತೂಕವೂ ಬರುತ್ತದೆ, ಗಾಳಿಗೆ ರಿಂಗ್ ತಿರುಗುವುದೂ ನಿಲ್ಲುತ್ತದೆ. ಗವಿಸಿದ್ಧೇಶ್ವರ ಜಾತ್ರೆಯ ಅಂಗಡಿ ಸಾಲಿನಲ್ಲಿ ಮಣಿಗಳನ್ನು ಆರಿಸಿಕೊಳ್ಳುವುದೇ ಮಕ್ಕಳಿಗೆ ಸಂಭ್ರಮ. ಯಾವುದನ್ನೇ ಕಟ್ಟಿದರೂ ಅಂಟನ್ನು ನಂಬದೆ ಗಂಟು ಹಾಕಬೇಕು. ತೊಟ್ಟಿಲಿನ ಹತ್ತಿರ ತೂಗುವುದಾದರೆ ಮಣಿ, ಕವಡೆ, ಉದ್ದದ ಎಳೆ ಯಾವುದೂ ಕೂಸಿನ ಕೈಗೆಟುಕಬಾರದು. ಮಣಿ ಗಂಟಲಿಗೆ ಹೋಗುವ, ದಾರ ಕೊರಳಿಗೆ ಸುತ್ತಿಕೊಳ್ಳುವ ಅಪಾಯ ಸಣ್ಣದಲ್ಲ.

ಯಾರಿಗೆ ಯಾವುದು

ಖರ್ಚನ್ನು ನೂರು ರೂಪಾಯಿಯೊಳಗೆ ಮುಗಿಸಬೇಕೆನ್ನುವ ವಿದ್ಯಾರ್ಥಿಗಳು, ಒಂದು ತರಗತಿಯ ಮಕ್ಕಳಿಂದ ಕಟ್ಟಿಸಬೇಕೆನ್ನುವ ಶಿಕ್ಷಕಿಯರು ಹಳೆಯ ಬಳೆ ಮತ್ತು ಡೆನಿಮ್ ದಾರಿಯನ್ನು ಹಿಡಿಯಬೇಕು. ಕೊಳ್ಳಬೇಕಾದದ್ದು ಒಂದು ಉಂಡೆ ಕ್ರೋಶಾ ದಾರ ಮಾತ್ರ, ಅದು ಹಲವು ಮಕ್ಕಳಿಗೆ ಬರುತ್ತದೆ. ಮೊದಲ ಸಲ ಕಲಿಯುವ ದೊಡ್ಡವರಿಗೆ ಕಬ್ಬಿಣದ ರಿಂಗ್, ಹತ್ತಿ ದಾರ, ಎಂಟು ಗಂಟು. ಹತ್ತಿರದವರ ಮಗುವಿನ ನಾಮಕರಣಕ್ಕೆ ಕೈಯಾರೆ ಏನನ್ನಾದರೂ ಕೊಡಬೇಕೆನ್ನುವವರು, ನಾಲ್ಕೈದು ದಿನ ಮುಂಚೆ ಆರಂಭಿಸುವಷ್ಟು ಪುರುಸೊತ್ತಿದ್ದರೆ, ಲಕ್ಕಿ ಅಥವಾ ಬಿದಿರಿನ 9 ಸೆಂ.ಮೀ. ರಿಂಗ್‌ನಲ್ಲಿ ಕೆಂಪು ದಾರದ ಬಲೆ ಕಟ್ಟಲಿ; ಗಾತ್ರದಲ್ಲೂ ಬಣ್ಣದಲ್ಲೂ ಅದು ಹಳೆಯ ಕ್ರಮಕ್ಕೆ ಸಮೀಪದ್ದು. ಪುರುಸೊತ್ತಿಲ್ಲದೆ ನಾಳೆಯೇ ಕೊಡಬೇಕಾಗಿ ಬಂದವರು ಎಂಬ್ರಾಯ್ಡರಿ ರಿಂಗ್ ಕೊಂಡರೆ ಸುತ್ತುವ ಕೆಲಸವಿಲ್ಲದೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಮಾರಾಟಕ್ಕೆ ಕಟ್ಟಬೇಕೆಂದಿರುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳ ಲೆಕ್ಕವೇ ಬೇರೆ. ಕಿಟ್‌ನಂತೆ ಕಾಣುವ ಬಣ್ಣದ ಗರಿಯ ಡ್ರೀಮ್ ಕ್ಯಾಚರ್‌ಗಳು ಎಲ್ಲ ಪ್ರವಾಸಿ ಊರುಗಳಲ್ಲೂ ಅಗ್ಗಕ್ಕೆ ಸಿಗುತ್ತವೆ, ಅವುಗಳ ಬೆಲೆಗೆ ಕೈಕೆಲಸ ಮಾರಿದರೆ ಕೂಲಿಯೂ ಹುಟ್ಟುವುದಿಲ್ಲ. ಆನೆಗೊಂದಿಯ ಬಾಳೆನಾರು, ಬಳ್ಳಾರಿಯ ಡೆನಿಮ್, ಸಂಡೂರಿನ ಕಸೂತಿ ಸೇರಿದ್ದು ಬೇರೆಡೆ ಸಿಗದ ಕಾರಣ ಅದಕ್ಕೆ ತಕ್ಕ ಬೆಲೆ ಕೇಳಬಹುದು. ಜೊತೆಗಿಡುವ ಚೀಟಿಯಲ್ಲಿ ಈ ಕಲೆ ಒಜಿಬ್ವೆ ಜನರದೆಂದೂ, ಕಟ್ಟಿದವರು ಇಲ್ಲಿನವರೆಂದೂ ಎರಡನ್ನೂ ಬರೆಯಬೇಕು. ಮೂಲನಿವಾಸಿಗಳು ಮಾಡಿದ್ದೆಂದು ಸುಳ್ಳು ಹೇಳಿ ಮಾರುವುದು ಅಮೆರಿಕದಲ್ಲಿ 1990ರ ಕಾಯ್ದೆಯ ಪ್ರಕಾರ ಅಪರಾಧ, ಆನ್‌ಲೈನ್‌ನಲ್ಲಿ ಅಲ್ಲಿಗೆ ಮಾರುವವರು ಇದನ್ನು ತಿಳಿದಿರಬೇಕು. ಮಾರಾಟಕ್ಕೆ 9ರಿಂದ 12 ಸೆಂ.ಮೀ. ಗಾತ್ರವನ್ನು ಆರಿಸಿ, ಕಬ್ಬಿಣದ ರಿಂಗ್‌ಗೆ ಬಾಳೆನಾರು ಅಥವಾ ಡೆನಿಮ್ ಸುತ್ತಿ, ಗರಿಯ ಬದಲು ಕುಚ್ಚು ಕಟ್ಟಿದರೆ ಪ್ರವಾಸಿಗಳ ಚೀಲದೊಳಗೆ ಮುರಿಯದೆ ಮುದುಡದೆ ಊರು ಸೇರುತ್ತದೆ.